ಮಗ್ಗುಲಲ್ಲಿ ಮಲಗಿದವಳು

ಪುಸ್ತಕವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತ ಅವಳು ಒಂಬತ್ತನೇ ತರಗತಿಯ ಬಾಗಿಲ ಹೊರಗೆ ನಿಂತಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಇದೇ ಬಾಗಿಲು, ಇದೇ ಹಸಿರು ಬಣ್ಣ, ಕೆಳಗಿನ ಮೂಲೆಯಲ್ಲಿ ಯಾವುದೋ ಹುಡುಗನ ಬೂಟು ಒದ್ದು ಎಬ್ಬಿಸಿದ ಬಣ್ಣದ ಅದೇ ಚಕ್ಕೆ. ಆದರೂ ಇವತ್ತು ಒಳಗಿನ ಗದ್ದಲ ಕೇಳುವಾಗ ಯಾರದೋ ಮನೆಗೆ ಕರೆಯದೆ ಬಂದವಳಂತೆ ಅನ್ನಿಸಿತು. ಬೆಳಿಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಡ್‌ಮಾಸ್ಟರು ಅವಳ ಪುಸ್ತಕವನ್ನು ಎತ್ತಿ ಹಿಡಿದು ತೋರಿಸಿದ್ದರು. "ನಮ್ಮ ಭಾಷೆ ಟೀಚರ್ ತಮ್ಮ ಬಾಲ್ಯಾನ ಪದ್ಯದಲ್ಲೇ ಬರ್ದಿದಾರೆ. ನಿಮ್ಮಲ್ಲಿ ಅರ್ಧ ಜನಕ್ಕೆ ರಜೆ ಚೀಟಿ ಗದ್ಯದಲ್ಲಿ ಬರೆಯೋಕೆ ಬರಲ್ಲ!" ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, "ಏನ್ರೀ, ನಿಮ್ಮ ಬಾಲ್ಯ ಅಷ್ಟೊಂದು ಪ್ರಾಸಬದ್ಧವಾಗಿತ್ತಾ? ನಮ್ಮದು ಬರೀ ಏಟು, ಅದಕ್ಕೂ ತಾಳ ಇರ್ಲಿಲ್ಲ" ಎಂದು ಚುಡಾಯಿಸಿದ್ದರು. ಅವಳೂ ನಕ್ಕಿದ್ದಳು. ಪುಸ್ತಕ ಬಂದು ಮೂರು ತಿಂಗಳಾಗಿತ್ತು. ಓದಿದವರೆಲ್ಲ ಹೊಗಳಿದ್ದು ಒಂದೇ ಪದ್ಯವನ್ನು. ಇವತ್ತು ಓದಬೇಕಾಗಿದ್ದದ್ದೂ ಅದನ್ನೇ.

ಒಳಗೆ ಹೋದಳು. ಮಕ್ಕಳು ಎದ್ದು ನಿಂತು ಕುಳಿತರು. ಕಿಟಕಿಯ ಪಕ್ಕದಲ್ಲಿ, ಎಂದಿನಂತೆ, ಉದ್ದಕ್ಕೆ ಬೆಳೆದು ಅದಕ್ಕಾಗಿ ನಾಚಿಕೊಂಡು ಬೆನ್ನು ಬಗ್ಗಿಸಿ ಕೂರುವ ಹುಡುಗಿ. ಅವಳನ್ನು ಇಡೀ ಶಾಲೆ 'ಕಡ್ಡಿ' ಎಂದೇ ಕರೆಯುತ್ತಿತ್ತು. ಅವಳು ಮಾತಾಡುವುದು ಕಡಿಮೆ, ಆದರೆ ಪಾಠ ಮಾಡುವಾಗ ಅವಳ ಕಣ್ಣು ತಪ್ಪುವುದಿಲ್ಲ, ಎಲ್ಲ ಟೀಚರುಗಳೂ ತಮಗರಿವಿಲ್ಲದೆ ಅವಳೊಬ್ಬಳಿಗೇ ಪಾಠ ಹೇಳುತ್ತಿರುತ್ತಾರೆ. ಇವತ್ತೂ ಟೀಚರ್ ಅವಳನ್ನು ನೋಡುತ್ತಲೇ ಓದಲು ಶುರುಮಾಡಿದಳು.

ಅಕ್ಕನ ಮಗ್ಗುಲಲಿ ನಾನು. ನಸುಕಿನಲಿ
ತೊಡೆಗೆ ತಾಗಿತು ಬೆಚ್ಚನೆಯ ಹೊಳೆಯೊಂದು.
ಕಣ್ಣು ಬಿಟ್ಟರೆ ಅಕ್ಕ ಗೋಡೆಗೆ ಮುಖವಿಟ್ಟು
ನಿದ್ದೆ ನಟಿಸುತ್ತಿದ್ದಳು.

ಓದುತ್ತ ಹೋದಂತೆ ದನಿ ತಾನಾಗಿ ತಗ್ಗಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಅಭ್ಯಾಸವಾಗಿಬಿಟ್ಟಿತ್ತು. ಅಮ್ಮ ಬಂದು ಹೊದಿಕೆ ಎಳೆಯುವುದು, ಹತ್ತು ವರ್ಷದ ಅಕ್ಕ ಮೊಣಕಾಲು ತಬ್ಬಿಕೊಂಡು ಕೂರುವುದು, ಅಮ್ಮ ಆ ಬಟ್ಟೆಯನ್ನು ಒಗೆಯದೆ ಹಾಗೇ ಬೀದಿಯ ಕಡೆಯ ಬಾಲ್ಕನಿಯಲ್ಲಿ ಒಣಗಿಹಾಕುವುದು, ಕೆಳಗೆ ಶಾಲೆಗೆ ಹೋಗುವ ಅಕ್ಕನ ಗೆಳತಿಯರು ತಲೆಯೆತ್ತಿ ನೋಡುವುದು. ಎಲ್ಲವೂ ನಿಜ. ಮೂರನೇ ಮಹಡಿಯ ಆ ಬಾಲ್ಕನಿಯ ಕಬ್ಬಿಣದ ಕಂಬಿ, ಬಟ್ಟೆಯ ನಡುವೆ ದೇಶದ ಭೂಪಟದಂತೆ ಹಳದಿ ಅಂಚು, ಗಾಳಿಗೆ ಅದು ಉಬ್ಬಿ ಇಳಿಯುವುದು. ಎರಡು ವರ್ಷ. ಅಪ್ಪ ಪೇಪರಿನಿಂದ ತಲೆಯೆತ್ತದೆ, "ಅಷ್ಟು ದೊಡ್ಡ ಹುಡುಗಿ" ಎನ್ನುವುದು. ಅಷ್ಟು ದೊಡ್ಡ ಹುಡುಗಿಯ ಪಕ್ಕದಲ್ಲಿ ಏಳು ವರ್ಷದ ಸಣ್ಣ ಹುಡುಗಿ. "ಪಾಪ, ಆ ಮಗುವಿನ ಬಟ್ಟೆನೂ ನೆನೆಸಿದೀಯಲ್ಲೇ!" ಎಂದು ಅಮ್ಮ ಅಕ್ಕನ ಬೆನ್ನಿಗೆ ಗುದ್ದುವಾಗ ಆ ಮಗು ಅಮ್ಮನ ಸೊಂಟವನ್ನು ಅಪ್ಪಿಕೊಂಡು ನಿಂತಿರುತ್ತಿತ್ತು. ಏಳು ವರ್ಷದ ಮೈಗೆ ಹತ್ತು ವರ್ಷದ ಮೈಯನ್ನು ಹೊರಳಿಸುವುದು ಸುಲಭವಲ್ಲ. ಅಕ್ಕನನ್ನು ದಾಟಿ ಗೋಡೆಯ ಕಡೆಗೆ ಹೋಗಬೇಕು, ಗೋಡೆಗೆ ಬೆನ್ನು ಕೊಡಬೇಕು, ಎರಡೂ ಮೊಣಕಾಲಿನಿಂದ ಸ್ವಲ್ಪ ಸ್ವಲ್ಪವಾಗಿ ತಳ್ಳಬೇಕು. ಅಕ್ಕನದು ಕುಂಭಕರ್ಣನ ನಿದ್ದೆ. ಒದ್ದೆ ಜಾಗಕ್ಕೆ ಹೊರಳಿದ ಮೇಲೂ ಬಾಯಿ ತೆರೆದು ಮಲಗಿಯೇ ಇರುತ್ತಿದ್ದಳು. ಪುಸ್ತಕದಲ್ಲಿ ಇದೊಂದು ಇರಲಿಲ್ಲ.

ಓದಿ ಮುಗಿಸಿದಾಗ ತರಗತಿ ಮೌನವಾಗಿತ್ತು. ಮುಂದಿನ ಬೆಂಚಿನ ಒಬ್ಬಳು ಅಳು ಬಂದು ಮೂಗು ಎಳೆದುಕೊಂಡಳು. ಇಂಥ ಮೌನ ಅವಳಿಗೆ ಇಷ್ಟ. ಸಭೆಗಳಲ್ಲೂ ಹೀಗೇ ಆಗುತ್ತಿತ್ತು, ಆ ಒಂದು ಗಳಿಗೆ ತಾನು ಒಳ್ಳೆಯವಳು ಎಂದು ಅವಳಿಗೇ ನಂಬಿಕೆ ಬರುತ್ತಿತ್ತು. "ಏನಾದ್ರೂ ಕೇಳೋದಿದೆಯಾ?" ಎಂದಳು. ಕಡ್ಡಿ ಕೈಯೆತ್ತಿದಳು. ಕಡ್ಡಿ ಕೈಯೆತ್ತಿದ್ದು ಈ ವರ್ಷದಲ್ಲಿ ಅದೇ ಮೊದಲು.

"ಮಿಸ್, ಅಲ್ಲೊಂದು ಪದ ತಪ್ಪಾಗಿದೆ ಅನ್ಸತ್ತೆ."

"ಯಾವುದು?"

"ಬೆಚ್ಚನೆಯ ಅಂತ ಇದೆಯಲ್ಲ." ಕಡ್ಡಿ ನಿಂತುಕೊಂಡು ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕುಚೋದ್ಯವಿಲ್ಲ, ಲೆಕ್ಕದ ಉತ್ತರ ತಾಳೆಯಾಗದಿದ್ದಾಗ ಕೇಳುವ ಹಾಗೆ ಕೇಳುತ್ತಿದ್ದಳು. "ಪಕ್ಕದವರದು ನಮ್ಮ ಹತ್ರ ಬರೋ ಹೊತ್ತಿಗೆ ತಣ್ಣಗಾಗಿರತ್ತೆ ಮಿಸ್. ಬೆಚ್ಚಗಿರೋದು ಮಾಡಿದವರಿಗೆ ಮಾತ್ರ."

ಹಿಂದಿನ ಬೆಂಚಿನಿಂದ, ಎಲ್ಲದಕ್ಕೂ ಮೊದಲು ಬಾಯಿ ಹಾಕುವ ಹುಡುಗನ ದನಿ: "ನಿಂಗ್ ಹೇಗ್ ಗೊತ್ತು?"

ನಗು ಹಿಂದಿನಿಂದ ಮುಂದಕ್ಕೆ ಬಂತು. ಯಾರೋ ಬಾಯಿಂದ 'ಸುಯ್' ಎಂದು ನೀರು ಬಿಡುವ ಸದ್ದು ಮಾಡಿದರು. ಇನ್ನೊಬ್ಬ, "ಲೇ, ನಲ್ಲಿ ನಿಲ್ಸ್ರೋ!" ಎಂದ. ಕಡ್ಡಿ ಕೂರಲಿಲ್ಲ. ನಗುವವರ ಕಡೆ ತಿರುಗಿಯೂ ನೋಡಲಿಲ್ಲ, ಟೀಚರಿನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ನಂಬಿಕೆ ಇತ್ತು. ಟೀಚರಿಗೆ ಹೇಗೂ ಗೊತ್ತಿದೆ, ಈಗ ಹೇಳುತ್ತಾರೆ ಎಂಬ ನಂಬಿಕೆ. ಮೂರೇ ಪದ ಸಾಕಾಗಿತ್ತು. ಹೌದು, ಅದು ನಾನೇ. ಮೂವತ್ತೆಂಟು ಮಕ್ಕಳ ಬಾಯಿ ಮುಚ್ಚಿಸಲು ಬೆತ್ತ ಬೇಕಿರಲಿಲ್ಲ, ಆ ಮೂರು ಪದ ಬೇಕಿತ್ತು. ಅವನ್ನು ಹೇಳಲು ಅವಳು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ತನ್ನ ಕೆನ್ನೆಯ ಸ್ನಾಯುಗಳು ಮೇಲಕ್ಕೆಳೆದುಕೊಳ್ಳುತ್ತಿರುವುದು ಅವಳಿಗೆ ಗೊತ್ತಾಯಿತು. ಅವಳೂ ನಗುತ್ತಿದ್ದಳು. ಜೋರಾಗಿ ಅಲ್ಲ, ತರಗತಿಯ ತಂಟೆಯನ್ನು ಕ್ಷಮಿಸುವ ಟೀಚರುಗಳು ನಗುವಷ್ಟು. "ಸಾಕು, ಸಾಕು. ಕೂತ್ಕೋಮ್ಮಾ," ಎಂದಳು. "ಪದ್ಯದಲ್ಲಿ ಅಷ್ಟೊಂದು ತರ್ಕ ಹುಡುಕಬಾರದು."

ಕಡ್ಡಿ ಕುಳಿತಳು. ಟೀಚರ್ ಕಪ್ಪು ಹಲಗೆಯ ಕಡೆ ತಿರುಗಿ ಬರೆದಳು: ನಿಮ್ಮ ಬಾಲ್ಯದ ಒಂದು ನೆನಪು, ಪದ್ಯದಲ್ಲಿ, ಕನಿಷ್ಠ ಎಂಟು ಸಾಲು, ನಾಡಿದ್ದಿಗೆ. ಸೀಮೆಸುಣ್ಣ ಎರಡು ಸಲ ಮುರಿಯಿತು.

ಗಂಟೆ ಹೊಡೆದ ಮೇಲೆ ಹುಡುಗಿಯರ ಶೌಚಾಲಯದ ಮೂರನೇ ಬಾಗಿಲು ಮುಚ್ಚಿತ್ತು. ಒಳಗೆ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಿದ್ದರು, ಅಳುವ ಸದ್ದು ಕೇಳಿಸಬಾರದೆಂದು. ಬಾಗಿಲ ಕೆಳಗಿನ ಸಂದಿಯಲ್ಲಿ ಕಡ್ಡಿಯ ಉದ್ದನೆಯ ಎರಡು ಪಾದಗಳು, ಒಂದರ ಮೇಲೊಂದು. ಟೀಚರ್ ಬಾಗಿಲಿಗೆ ಕೈ ಇಟ್ಟಳು. ಇಲ್ಲಿ ಯಾರೂ ಇಲ್ಲ, ಒಬ್ಬಳಿಗೆ ಹೇಳಿದರೆ ಸಾಕು, ಮಗು, ನೀನು ಹೇಳಿದ್ದೇ ಸರಿ, ಈ ಮೂರು ತಿಂಗಳಲ್ಲಿ ಪುಸ್ತಕವನ್ನು ನಿಜವಾಗಿ ಓದಿದವಳು ನೀನೊಬ್ಬಳೇ. "ಮುಂದಿನ ಪೀರಿಯಡ್ ಶುರುವಾಯ್ತು," ಎಂದಳು. ನೀರು ಬೀಳುತ್ತಲೇ ಇತ್ತು. ಕಾರಿಡಾರಿನಲ್ಲಿ ಯಾರದೋ ಹೆಜ್ಜೆ ಕೇಳಿಸಿದ ಮೇಲೆ ಬಂದುಬಿಟ್ಟಳು.

ಸ್ಟಾಫ್ ರೂಮಿನಲ್ಲಿ ಕಾಪಿಗಳ ರಾಶಿಯ ಹಿಂದೆ ಕುಳಿತು ಆ ಸಾಲನ್ನೇ ನೋಡಿದಳು. ಮೊದಲ ಸಲ ಬರೆದಾಗ ಅದು ನಿಜವಾಗಿಯೇ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ, ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ, ಮಾಡಿದವಳು ನಾನು ಎಂದೇ. ಒಂದು ವಾರ ಆ ಟಿಕೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದಳು. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕುಳಿತರೂ ಅವರಿಗೆ ಗೊತ್ತಾಗಿದೆಯೇನೋ ಎನ್ನಿಸುತ್ತಿತ್ತು. ಆಮೇಲೆ ನೀಟಾಗಿ ಬರೆದುಕೊಳ್ಳುವಾಗ ಪೆನ್ನು ಆ ಒಂದು ಪದದ ಮೇಲೆ ನಿಂತಿತು. ನಾನು, ಅಕ್ಕ: ಎರಡಕ್ಕೂ ಮೂರೇ ಮಾತ್ರೆ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಛಂದಸ್ಸು ತಕರಾರು ಮಾಡಲಿಲ್ಲ. ಸಾಲು ಇನ್ನೂ ಚೆನ್ನಾಯಿತು ಎಂದೂ ಅನ್ನಿಸಿತು, ಅದೇ ಅಸಹ್ಯ. ತನ್ನ ನಾಚಿಕೆ ಬರೆದರೆ ಬರೀ ನಾಚಿಕೆ, ಅಕ್ಕನ ನಾಚಿಕೆ ಬರೆದರೆ ಕರುಣೆ. ಬೆಚ್ಚನೆಯ ಎಂಬ ಪದ ಮಾತ್ರ ಹಳೆಯ ಮನೆಯಲ್ಲೇ, ಮಾಡಿದವಳ ಬಳಿಯೇ, ಉಳಿದುಹೋಗಿತ್ತು. ಅಚ್ಚಿಗೆ ಕೊಡುವ ಮುಂಚೆ ಹತ್ತು ಸಲ ತಿದ್ದಿದವಳಿಗೆ ಅದು ಕಾಣಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಒಂದೇ ಸಲಕ್ಕೆ ಕಂಡಿತು. ಅವಳಿಗೆ ಹೇಗೆ ಕಂಡಿತು ಎಂಬುದನ್ನು ಯೋಚಿಸಲು ಹೋಗಿ ಅರ್ಧದಲ್ಲೇ ಬಿಟ್ಟಳು.

ಸಂಜೆ ಮನೆಗೆ ಹೋಗದೆ ಅಕ್ಕನ ಅಂಗಡಿಯ ಕಡೆ ನಡೆದಳು. ಅಂಗಡಿ ಅಕ್ಕನದಲ್ಲ, ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಅಕ್ಕ ಇಪ್ಪತ್ತೇಳು ವರ್ಷಗಳಿಂದ ಕೌಂಟರಿನ ಹಿಂದೆ ನಿಂತಿದ್ದಾಳೆ. ಡಾಕ್ಟರುಗಳ ಕೋಳಿಕಾಲಿನ ಅಕ್ಷರವನ್ನು ಅವಳಷ್ಟು ಚೆನ್ನಾಗಿ ಓದುವವರು ಆ ಬೀದಿಯಲ್ಲೇ ಇಲ್ಲ. ಪುಸ್ತಕ ಕೊಟ್ಟಾಗ ಎರಡು ದಿನದಲ್ಲಿ ಓದಿ ಮುಗಿಸಿ, "ಚೆನ್ನಾಗಿ ಬರ್ದಿದೀಯ ಪುಟ್ಟಿ. ನಮ್ಮ ಅಂಗಡಿಯವರಿಗೆ ಮಾತ್ರ ಕೊಡ್ಬೇಡ," ಎಂದಿದ್ದಳು. ಅಷ್ಟೇ. ಆದರೆ ಯಾರೋ ಓದಿದ್ದರು. ಎದುರು ಕೌಂಟರಿನ ಹೊಸ ಹುಡುಗಿ ಅಕ್ಕನ ಕುರ್ಚಿಯ ಮೇಲೆ ಕೂರುವ ಮುಂಚೆ ಕೈಯಿಂದ ಒಮ್ಮೆ ಮುಟ್ಟಿ ನೋಡುವುದನ್ನು ಹೋದ ಸಲ ಬಂದಾಗ ಅವಳು ಕಣ್ಣಾರೆ ಕಂಡಿದ್ದಳು. ಅಕ್ಕನೂ ಕಂಡಿದ್ದಳು. ಇಬ್ಬರೂ ಕೆಮ್ಮಿನ ಔಷಧಿಯ ಬಗ್ಗೆ ಮಾತು ಮುಂದುವರಿಸಿದ್ದರು.

"ಏನೇ, ಹೇಳ್ದೆ ಕೇಳ್ದೆ ಬಂದಿದೀಯ? ಮನೇಲಿ ಜಗಳಾನಾ?" ಎಂದು ಅಕ್ಕ ಕನ್ನಡಕ ಮೇಲೇರಿಸಿದಳು. ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಅಕ್ಕನ ಒಂದೇ ಕೋಣೆ. ಒಲೆ, ಮೇಜು, ಕಿಟಕಿ, ಒಬ್ಬರಿಗೆ ಸರಿಯಾಗುವ ಮಂಚ. ಅವಳು ಮಂಚದ ತುದಿಯಲ್ಲಿ ಕುಳಿತಾಗ ಹಾಸಿಗೆ ಬಟ್ಟೆಯ ಕೆಳಗೆ ರಬ್ಬರ್ ಶೀಟು ಕಿರ್ ಎಂದಿತು. ಐವತ್ತೊಂದು ವರ್ಷದ ಹೆಂಗಸಿನ ಹಾಸಿಗೆಯಲ್ಲಿ ರಬ್ಬರ್ ಶೀಟು. ಈ ಸದ್ದು ಅವಳಿಗೆ ಹೊಸದಲ್ಲ, ಪ್ರತಿ ಸಲ ಕೇಳಿಸಿದಾಗಲೂ ಬೇರೆ ಏನಾದರೂ ಮಾತು ತೆಗೆಯುತ್ತಿದ್ದಳು. ಅಕ್ಕ ಕಿತ್ತಳೆ ಹಣ್ಣು ತಂದು ಸಿಪ್ಪೆ ಸುಲಿಯಲು ಕುಳಿತಳು.

"ಅಕ್ಕಾ, ಅದು ನೀನಲ್ಲ."

"ಯಾವ್ದು?"

"ಹಾಸಿಗೆ. ಒದ್ದೆ ಮಾಡ್ತಿದ್ದವಳು ನಾನು. ನಿನ್ನನ್ನ ಆ ಜಾಗಕ್ಕೆ ಹೊರಳಿಸಿ ನಾನು ಗೋಡೆ ಕಡೆ ಹೋಗಿ ಮಲಗ್ತಿದ್ದೆ. ಎರಡು ವರ್ಷವೂ ನಾನೇ."

ಅಕ್ಕ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಸುಮ್ನಿರೇ. ಅಂಗಡೀಲಿ ನಗ್ತಾರೆ ಅಂತ ನನ್ನ ಸಮಾಧಾನಕ್ಕೆ ಹೀಗೆಲ್ಲ ಕಥೆ ಕಟ್ಬೇಡ. ನಿಂಗೆ ಕಥೆ ಕಟ್ಟೋದು ಅಂದ್ರೆ ನೀರು ಕುಡಿದ ಹಾಗೆ."

"ಕಥೆಯಲ್ಲ ಅಕ್ಕಾ. ಪುಸ್ತಕದಲ್ಲಿರೋದು ಕಥೆ. ಇದು ನಿಜ. ಮೊಣಕಾಲಿಂದ ತಳ್ತಿದ್ದೆ, ಇಲ್ಲಿ, ಸೊಂಟದ ಹತ್ರ."

ಅಕ್ಕನ ಕೈ ಆಗ ನಿಂತಿತು. ಅವಳ ಎಡಗೈ ತಾನಾಗಿ ಸೊಂಟದ ಹತ್ತಿರ ಹೋಯಿತು, ಬಹಳ ಹಿಂದೆ ಏನೋ ಚುಚ್ಚಿದ್ದ ಜಾಗವನ್ನು ಹುಡುಕುವಂತೆ. ಕೆಳಗೆ ಆಂಬುಲೆನ್ಸೊಂದು ಬಂದು ನಿಂತಿತು, ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಬಯ್ಯುತ್ತಾಳೆ, ಈಗ ಬಯ್ಯುತ್ತಾಳೆ, ಕಿತ್ತಳೆಯನ್ನು ಮುಖಕ್ಕೆ ಎಸೆಯುತ್ತಾಳೆ, ಎಸೆದರೆ ಎಷ್ಟು ಹಗುರವಾಗುತ್ತದೆ ಎಂದು ಅವಳು ಕಾಯುತ್ತಿದ್ದಳು. ಬಯ್ಗುಳ ತಿಂದು ಹಗುರಾಗಲೆಂದೇ ಬಂದಿದ್ದೇನೆಯೇ ಎಂದು ಆ ಹೊತ್ತಿನಲ್ಲೂ ಒಂದು ಯೋಚನೆ ಸುಳಿದು, ಅದಕ್ಕೂ ನಾಚಿಕೆಯಾಯಿತು.

"ನರ್ಸಿಂಗ್ ಸೀಟು ಬಂದಿತ್ತಲ್ಲ ನಂಗೆ," ಎಂದಳು ಅಕ್ಕ. "ಹಾಸ್ಟೆಲ್ಲು. ಒಂದು ರೂಮಿಗೆ ಆರು ಜನ. ಹೋಗಲ್ಲ ಅಂದೆ. ಅಮ್ಮನಿಗೆ ಮಾತ್ರ ಯಾಕೆ ಅಂತ ಗೊತ್ತಿತ್ತು, ಅವಳೂ ಬಲವಂತ ಮಾಡ್ಲಿಲ್ಲ. ಆಮೇಲೆ ಒಬ್ರು ಮೇಷ್ಟ್ರು ಹೆಣ್ಣು ನೋಡೋಕೆ ಬಂದಿದ್ರು, ಒಪ್ಕೊಂಡಿದ್ರು. ನಾನೇ ಬೇಡ ಅಂದೆ. ಎಲ್ರೂ ನನ್ನನ್ನ ಜಂಬದವಳು ಅಂದ್ರು, ನೀನೂ ಅಂದೆ."

"ಅದು ನಿಂತು ಎಷ್ಟೋ ವರ್ಷ ಆಗಿತ್ತಲ್ಲ ಅಕ್ಕಾ ಅಷ್ಟೊತ್ತಿಗೆ."

"ನಿಂತಿದ್ದು ನಿನ್ನದು ಅಂತ ಈಗ ಹೇಳ್ತಿದೀಯ. ನಾನು ಇನ್ನೂ ಕಾಯ್ತಾನೇ ಇದೀನಿ, ಯಾವತ್ತು ಮತ್ತೆ ಶುರುವಾಗತ್ತೋ ಅಂತ." ಅಕ್ಕ ಕಿತ್ತಳೆಯನ್ನು ಎರಡು ಹೋಳು ಮಾಡಿ ಅರ್ಧವನ್ನು ಅವಳ ಕೈಯಲ್ಲಿಟ್ಟಳು. ಕೋಪವಿರಲಿಲ್ಲ, ಲೆಕ್ಕ ತಪ್ಪಿದ ಗಿರಾಕಿಗೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವಷ್ಟೇ ಸಹನೆ. "ಈ ಮಾತು ವಾಪಸ್ ತಗೊಂಡು ಹೋಗು ಪುಟ್ಟಿ. ನನ್ನದೇ ಅಂತಿರ್ಲಿ. ಅಚ್ಚಾಗಿದೆ ಬೇರೆ. ಅದು ನನ್ನದಲ್ಲ ಅಂದ್ರೆ, ನಾನು ಯಾಕೆ ಎಲ್ಲೂ ಹೋಗ್ಲಿಲ್ಲ, ಯಾಕೆ ಹೀಗಿದ್ದೆ ಅಂತ ನಂಗೆ ನಾನೇ ಏನ್ ಹೇಳ್ಕೊಳ್ಲಿ? ತಿನ್ನು, ಸಿಹಿಯಾಗಿದೆ."

ಹಣ್ಣು ಹುಳಿಯಾಗಿತ್ತು. ತಿಂದಳು.

ಮರುದಿನ ಕಡ್ಡಿ ಬರಲಿಲ್ಲ. ಅವಳ ಡೆಸ್ಕಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ನಲ್ಲಿಯ ಚಿತ್ರ ಬರೆದಿದ್ದರು, ಕೆಳಗೆ ಮೂರು ಹನಿ. ತರಗತಿಗೆ ಹೇಳಿಬಿಡಬೇಕು ಎಂದು ಟೀಚರ್ ದಾರಿಯುದ್ದಕ್ಕೂ ವಾಕ್ಯ ಕೂಡಿಸಿಕೊಂಡು ಬಂದಿದ್ದಳು. ಆದರೆ ಆ ಹುಡುಗಿಯೇ ಇಲ್ಲದಿರುವಾಗ ಹೇಳಿ ಏನು ಬಂತು, ನಾಳೆ ಅವಳ ಎದುರಿಗೇ ಹೇಳೋಣ ಎಂದುಕೊಂಡಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿದಿದ್ದು ಒಂದು ದಿನದ ಮಟ್ಟಿಗೆ ಎಂದು ಗೊತ್ತಿದ್ದೂ ಹಾಯೆನಿಸಿತು. ಒದ್ದೆ ಬಟ್ಟೆಯಿಂದ ಚಿತ್ರವನ್ನು ತಾನೇ ಒರೆಸಿದಳು.

ಮೂರನೇ ದಿನ ಬಾಗಿಲು ತೆರೆದಾಗ ಕಡ್ಡಿ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದಳು, ಬೆನ್ನು ನೆಟ್ಟಗಿತ್ತು. ಅವಳ ಸುತ್ತ ಮೂರು ನಾಲ್ಕು ಹುಡುಗಿಯರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಪದ್ಯಗಳನ್ನು ಮುಂದಕ್ಕೆ ಕಳುಹಿಸಿ ಎಂದಾಗ ಕಾಗದಗಳು ಕೈಯಿಂದ ಕೈಗೆ ಬಂದವು. ನಿಂತಲ್ಲೇ ಒಂದೊಂದನ್ನೂ ನೋಡಿದಳು. ಸತ್ತ ನಾಯಿ, ಕಳೆದ ಸೈಕಲ್ಲು, ಅಜ್ಜಿಯ ಸುಕ್ಕು. ಕಡ್ಡಿಯದು ಐದನೆಯದು. ಗುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ, ಹನ್ನೆರಡು ಸಾಲು. ಒಂದೇ ಹಾಸಿಗೆಯಲ್ಲಿ ಅಕ್ಕತಂಗಿಯರು. ತಂಗಿ ನಿದ್ದೆಯಲ್ಲಿ ಒದ್ದೆ ಮಾಡುತ್ತಾಳೆ. ಅಕ್ಕನಿಗೆ ಎಚ್ಚರವಾಗುತ್ತದೆ, ತಣ್ಣಗೆ ತಾಗುತ್ತದೆ, ಆದರೂ ತಂಗಿಯನ್ನು ಎಬ್ಬಿಸದೆ ಅವಳ ಹಣೆ ಸವರುತ್ತಾಳೆ. ಎಲ್ಲೂ ಒಂದು ಪದ ಹಳೆಯ ಮನೆಯಲ್ಲಿ ಉಳಿದಿರಲಿಲ್ಲ. ತಂಗಿ. ಅದಕ್ಕೂ ಮೂರೇ ಮಾತ್ರೆ.

ತಲೆಯೆತ್ತಿದಾಗ ಕಡ್ಡಿ ಅವಳನ್ನೇ ನೋಡುತ್ತಿದ್ದಳು.

"ನಾನು ಎಲ್ರಿಗೂ ಹೇಳ್ಬಿಟ್ಟೆ ಮಿಸ್," ಎಂದಳು ಕಡ್ಡಿ, ತರಗತಿಗೆಲ್ಲ ಕೇಳುವಂತೆ. "ನನ್ನ ತಂಗಿ ಆರನೇ ಕ್ಲಾಸಲ್ಲಿ ಇದಾಳಲ್ಲ, ಅವಳು ಮಾಡ್ತಾಳೆ. ಅದಕ್ಕೇ ಆವತ್ತು ನಂಗೆ ಗೊತ್ತಿತ್ತು."

"ನಲ್ಲಿ ಈಗ ಆರನೇ ಕ್ಲಾಸಿಗೆ ಟ್ರಾನ್ಸ್‌ಫರ್ ಮಿಸ್!" ಎಂದ ಹಿಂದಿನ ಬೆಂಚಿನವನು. ನಗು. ಕಡ್ಡಿಯ ಮುಖದಲ್ಲಿ ತಪ್ಪು ಮಾಡಿದ ಗುರುತು ಇರಲಿಲ್ಲ. ಒಂದೇ ಕಸುಬಿನವರು ದಾರಿಯಲ್ಲಿ ಎದುರಾದಾಗ ತಲೆ ಆಡಿಸುವಂಥ ಒಂದು ಸಲಿಗೆ ಇತ್ತು. ಕೂಡಿಸಿಕೊಂಡು ಬಂದ ವಾಕ್ಯವನ್ನು ಟೀಚರ್ ಹುಡುಕಿದಳು. ಈಗ ಅದನ್ನು ಹೇಳಿದರೆ, ಬೆಚ್ಚಗಿರುವುದು ಮಾಡಿದವರಿಗೆ ಮಾತ್ರ ಎಂಬುದು ಕಡ್ಡಿಗೆ ಎಲ್ಲಿಂದ ತಿಳಿಯಿತು ಎಂದು ಈ ಮೂವತ್ತೆಂಟು ಜನರೂ ಮತ್ತೆ ಲೆಕ್ಕ ಹಾಕುತ್ತಾರೆ. ಹೇಳದಿದ್ದರೆ ಕೆಳಗಿನ ಮಹಡಿಯಲ್ಲಿ ಹನ್ನೊಂದು ವರ್ಷದ ಒಬ್ಬಳು. ಒಬ್ಬಳನ್ನು ಎತ್ತಿದರೆ ಇನ್ನೊಬ್ಬಳು ಮುಳುಗುವ ಹಾಗೆ ಎಲ್ಲವೂ ಅಚ್ಚುಕಟ್ಟಾಗಿ ಕಟ್ಟಿಕೊಂಡಿತ್ತು, ಮತ್ತು ಕಟ್ಟುವುದನ್ನು ಕಲಿಸಿದವಳು ತಾನು. "ಚೆನ್ನಾಗಿದೆ," ಎಂದಳು. ಬೇರೆ ಪದ ಬರಲಿಲ್ಲ. ನಿಜಕ್ಕೂ ಚೆನ್ನಾಗಿತ್ತು, ಅಲ್ಲಿಯವರೆಗೆ ನೋಡಿದವುಗಳಲ್ಲಿ ಪದ್ಯ ಎನ್ನಬಹುದಾಗಿದ್ದದ್ದು ಅದೊಂದೇ.

ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿಳಿದಳು. ಆರನೇ ತರಗತಿಯ ಮಕ್ಕಳು ಮೆಟ್ಟಿಲ ಮೇಲೆ ಗುಂಪುಗುಂಪಾಗಿ ಕುಳಿತು ತಿನ್ನುತ್ತಿದ್ದರು. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ, ಮೇಲೂ ಪಕ್ಕದಲ್ಲೂ ಜಾಗ ಖಾಲಿ ಬಿದ್ದಿದ್ದಲ್ಲಿ, ಒಂದು ಸಣ್ಣ ಹುಡುಗಿ. ಉದ್ದನೆಯ ಪಾದಗಳಿಂದಲೇ ಗುರುತು ಸಿಕ್ಕಿತು. ಡಬ್ಬಿಯ ಮುಚ್ಚಳ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು, ತಿನ್ನುತ್ತಿರಲಿಲ್ಲ. ಟೀಚರ್ ಪಕ್ಕದಲ್ಲಿ ಕುಳಿತಾಗ ಹುಡುಗಿ ಗಾಬರಿಯಿಂದ ಎದ್ದು ನಿಲ್ಲಲು ಹೋದಳು.

"ಕೂತ್ಕೋ. ಯಾಕೆ ಒಬ್ಳೇ ಇದೀಯ?"

ಹುಡುಗಿ ಸುತ್ತ ನೋಡಿ, ದನಿ ತಗ್ಗಿಸಿ, "ಮಿಸ್, ನಾನು ರಾತ್ರಿ ಹಾಸಿಗೇಲಿ ಮಾಡ್ಕೊಳ್ತೀನಂತೆ," ಎಂದಳು. 'ಅಂತೆ' ಎಂದಳು, ದೂರದ ಯಾರದೋ ಸುದ್ದಿ ಹೇಳುವಂತೆ.

"ಯಾರು ಹೇಳಿದ್ರು?"

"ಅಕ್ಕ. ನಂಗೆ ಗೊತ್ತೇ ಇರ್ಲಿಲ್ಲ. ಅಕ್ಕ ಇಷ್ಟು ದಿನ ಯಾರಿಗೂ ಹೇಳ್ದೆ ತಾನೇ ಒಗೆದುಹಾಕ್ತಿದ್ಲಂತೆ." ಹುಡುಗಿಯ ಕಣ್ಣಲ್ಲಿ ಅಕ್ಕನ ಬಗ್ಗೆ ಕೃತಜ್ಞತೆ ಇತ್ತು. "ನಿದ್ದೇಲಿ ಮಾಡಿದ್ದು ನಮಗೆ ಗೊತ್ತಾಗಲ್ಲ ಅಲ್ವಾ ಮಿಸ್?"

ಮೇಲಿನ ಮೆಟ್ಟಿಲಿನಿಂದ ಯಾರೋ ನಕ್ಕರು. ಬೇರೆ ಯಾವುದಕ್ಕೋ ಇರಬಹುದು, ಆದರೂ ಹುಡುಗಿಯ ಭುಜ ಕುಗ್ಗಿತು. ಟೀಚರ್ ಬಗ್ಗಿ, ಆ ಪುಟ್ಟ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಹೋಗಿ, "ಅದು ನೀನಲ್ಲ ಮಗು," ಎಂದಳು. "ನೀನಲ್ಲ. ನಾನು ಹೇಳ್ತಿದೀನಲ್ಲ, ನಂಬು."

ಹುಡುಗಿ ಅವಳ ಮುಖವನ್ನು ನೋಡಿದಳು. ಆಮೇಲೆ, ಟೀಚರುಗಳು ಏನು ಹೇಳಿದರೂ ಮಕ್ಕಳು ಆಡಿಸುವ ಹಾಗೆ, ಹೌದೆಂದು ತಲೆಯಾಡಿಸಿ, ಡಬ್ಬಿಯ ಮುಚ್ಚಳ ಹಾಕಿಕೊಂಡು, ಎದ್ದ ಮೇಲೆ ತಾನು ಕುಳಿತಿದ್ದ ಮೆಟ್ಟಿಲನ್ನು ಒಮ್ಮೆ ತಿರುಗಿ ನೋಡಿ, ಒಳಗೆ ಹೋದಳು.